ಮಸೂತಿಯಿಂದ ಕೃಷ್ಣೆಯವರೆಗೆ: ನಮ್ಮ ನೆಲ, ನೀರು, ಜನ



ಭೂಗೋಳ ಪಠ್ಯಪುಸ್ತಕದಲ್ಲಿ ನಾವು ಅಮೆಜಾನ್ ನದಿ, ಸಹಾರಾ ಮರುಭೂಮಿ, ಹಿಮಾಲಯದ ಹಿಮನದಿಗಳನ್ನು ಓದುತ್ತೇವೆ. ಪರೀಕ್ಷೆಯಲ್ಲಿ ಅವುಗಳ ನಕ್ಷೆಯನ್ನೂ ಸರಿಯಾಗಿ ಗುರುತಿಸುತ್ತೇವೆ. ಆದರೆ ನಮ್ಮ ಹೊಲದ ಮಣ್ಣು ಬೇಸಿಗೆಯಲ್ಲಿ ಯಾಕೆ ಬಿರಿಯುತ್ತದೆ, ನಮ್ಮ ಊರಿನಲ್ಲಿ ಭತ್ತ ಬಿಟ್ಟು ಜೋಳ ಯಾಕೆ ಬೆಳೆಯುತ್ತಾರೆ, ನಮ್ಮ ಮನೆತನದ ಅಡ್ಡಹೆಸರು ಎಲ್ಲಿಂದ ಬಂತು ಎಂದು ಕೇಳಿದರೆ ಬಹಳ ಮಂದಿ ಸುಮ್ಮನಾಗುತ್ತಾರೆ. ಈ ಪ್ರಶ್ನೆಗಳಿಗೂ ಉತ್ತರ ಕೊಡುವುದು ಅದೇ ಭೂಗೋಳ ಶಾಸ್ತ್ರವೇ. ಈ ಸಂಚಿಕೆಯ ಪಾಠಕ್ಕೆ ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಮಸೂತಿ ಮತ್ತು ಅದರ ಸುತ್ತಲಿನ ಪ್ರದೇಶವನ್ನು ಆರಿಸಿಕೊಂಡಿದ್ದೇವೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ಬರುವ ವಿದ್ಯಾರ್ಥಿಗಳು ಓದುತ್ತಾ ಹೋದಂತೆ ತಮ್ಮ ಊರನ್ನೂ ಇದರಲ್ಲಿ ಕಾಣಬಹುದು.

1. ಸ್ಥಾನ

ವಿಜಯಪುರ ಜಿಲ್ಲೆಯನ್ನು ನಕ್ಷೆಯಲ್ಲಿ ನೋಡಿರಿ. ಉತ್ತರದಲ್ಲಿ ಭೀಮಾ, ದಕ್ಷಿಣದಲ್ಲಿ ಕೃಷ್ಣಾ, ನಡುವೆ ಡೋಣಿ. ಈ ಮೂರು ನದಿಗಳ ಹೆಸರು ನೆನಪಿದ್ದರೆ ಜಿಲ್ಲೆಯ ಅರ್ಧ ಭೂಗೋಳ ತಿಳಿದಂತೆಯೇ. ಬಹುಕಾಲ ಈಗಿನ ಜಿಲ್ಲೆಯ ವ್ಯಾಪ್ತಿಯಲ್ಲಿ ವಿಜಯಪುರ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ಐದು ತಾಲ್ಲೂಕುಗಳಿದ್ದವು. 1997ರಲ್ಲಿ ಕೃಷ್ಣೆಯ ಆಚೆಯ ಭಾಗ ಬಾಗಲಕೋಟೆ ಜಿಲ್ಲೆಯಾಗಿ ಬೇರೆಯಾಯಿತು. ಈಚಿನ ವರ್ಷಗಳಲ್ಲಿ ಕೊಲ್ಹಾರ, ನಿಡಗುಂದಿ, ತಾಳಿಕೋಟೆ, ದೇವರ ಹಿಪ್ಪರಗಿ, ಚಡಚಣ ಮೊದಲಾದ ಹೊಸ ತಾಲ್ಲೂಕುಗಳು ಹುಟ್ಟಿದವು. ಬಿಜಾಪುರ ಎಂಬ ಹೆಸರು ವಿಜಯಪುರ ಎಂದಾದದ್ದು 2014ರ ನವೆಂಬರ್ 1ರಂದು.

ಮಸೂತಿ ಇರುವುದು ಜಿಲ್ಲೆಯ ದಕ್ಷಿಣ ಭಾಗದಲ್ಲಿ, ಕೃಷ್ಣೆಯ ಉತ್ತರದ ಎತ್ತರದ ನೆಲದಲ್ಲಿ. ತೆಲಗಿ, ಕೂಡಗಿ, ಮುಳವಾಡ, ಕೊಲ್ಹಾರ ಇದರ ನೆರೆಹೊರೆ. ನಮ್ಮ ಭಾಗದ ಆಡುಮಾತಿನಲ್ಲಿ ಮಸೂತಿ ಎಂದರೆ ಮಸೀದಿ ಎಂಬುದು ನಿಮಗೆಲ್ಲ ಗೊತ್ತು. ಆದರೆ ಊರಿನ ಹೆಸರನ್ನು ಕೇಳಿದ ಕೂಡಲೇ ಅದರ ಇತಿಹಾಸವನ್ನು ತೀರ್ಮಾನಿಸಬಾರದು. ಹೆಸರು ಮೊದಲ ಸುಳಿವು ಮಾತ್ರ. ಶಾಸನ, ಹಳೆಯ ಕಂದಾಯ ದಾಖಲೆ, ಹಿರಿಯರ ಮಾತು ಇವು ಮೂರನ್ನೂ ಒಟ್ಟಿಗೆ ಇಟ್ಟು ನೋಡುವುದು ಸರಿಯಾದ ಕ್ರಮ.

2. ಕಲ್ಲು ಮತ್ತು ಮಣ್ಣು

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರದೇಶದಲ್ಲಿ ಭೂಮಿಯ ಬಿರುಕುಗಳಿಂದ ಲಾವಾರಸ ಉಕ್ಕಿ, ಪದರದ ಮೇಲೆ ಪದರವಾಗಿ ಹರಡಿ ತಣ್ಣಗಾಯಿತು. ಅದೇ ಬಸಾಲ್ಟ್ ಶಿಲೆ, ನಾವು ಕರಿಕಲ್ಲು ಎನ್ನುವುದು. ಮಹಾರಾಷ್ಟ್ರದಿಂದ ನಮ್ಮ ಜಿಲ್ಲೆಯವರೆಗೆ ಈ ಹಾಸು ಚಾಚಿದೆ. ಇಂಡಿ, ವಿಜಯಪುರದ ಕಡೆ ಇದು ದಪ್ಪವಾಗಿದೆ. ದಕ್ಷಿಣಕ್ಕೆ ಮತ್ತು ಪೂರ್ವಕ್ಕೆ ಬಂದಂತೆ ತೆಳುವಾಗುತ್ತಾ ಹೋಗಿ, ಅಡಿಯಲ್ಲಿದ್ದ ಇನ್ನೂ ಹಳೆಯ ಶಿಲೆಗಳು ಹೊರಗೆ ಕಾಣುತ್ತವೆ. ಆದ್ದರಿಂದಲೇ ಮುದ್ದೇಬಿಹಾಳದ ಕಡೆ ಗ್ರಾನೈಟ್ ಗುಡ್ಡಗಳು, ತಾಳಿಕೋಟೆಯ ಕಡೆ ಸುಣ್ಣಕಲ್ಲಿನ ಪದರಗಳು ಸಿಗುತ್ತವೆ. ನಿಮ್ಮ ಮನೆಯ ನೆಲಕ್ಕೆ ಹಾಸಿದ ಪರಸಿ ಕಲ್ಲು ಎಲ್ಲಿಂದ ಬಂತೆಂದು ಮನೆಯವರನ್ನು ಕೇಳಿರಿ. ಆ ಉತ್ತರ ಭೂಗರ್ಭ ಶಾಸ್ತ್ರದ ಒಂದು ಪಾಠವೇ ಆಗುತ್ತದೆ.

ಬಸಾಲ್ಟ್ ಶಿಲೆ ಸವೆದು ಆದದ್ದು ಎರಿ ಮಣ್ಣು, ಅಂದರೆ ಕಪ್ಪು ಮಣ್ಣು. ಇದರಲ್ಲಿರುವ ಜೇಡಿಯ ಕಣಗಳು ನೀರು ಕುಡಿದಾಗ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಏಪ್ರಿಲ್‌ನಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವುದು ಇದೇ ಕಾರಣಕ್ಕೆ. ಗಾಳಿಗೆ ಮೇಲಿನ ಮಣ್ಣು ಆ ಬಿರುಕಿನೊಳಗೆ ಬೀಳುತ್ತದೆ, ಮಳೆ ಬಂದಾಗ ಬಿರುಕು ಮುಚ್ಚಿಕೊಳ್ಳುತ್ತದೆ. ಹೀಗೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಬರುವುದರಿಂದ ಎರಿ ಹೊಲ ತನ್ನನ್ನು ತಾನೇ ಉಳುಮೆ ಮಾಡಿಕೊಳ್ಳುತ್ತದೆ ಎನ್ನುತ್ತಾರೆ. ಈ ಮಣ್ಣಿನ ದೊಡ್ಡ ಗುಣ ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುವುದು. ದೊಡ್ಡ ದೋಷವೆಂದರೆ ಹೆಚ್ಚಾದ ನೀರನ್ನು ಬೇಗ ಕೆಳಗೆ ಬಿಡದಿರುವುದು. ಈ ಎರಡು ಮಾತುಗಳನ್ನು ನೆನಪಿಡಿರಿ. ಮುಂದೆ ನೀರಾವರಿಯ ವಿಷಯ ಬಂದಾಗ ಬೇಕಾಗುತ್ತವೆ.

3. ಮಳೆ, ಬರ ಮತ್ತು ರೈಲು

ಅರಬ್ಬೀ ಸಮುದ್ರದಿಂದ ಬರುವ ಮೋಡಗಳು ಪಶ್ಚಿಮ ಘಟ್ಟವನ್ನು ಏರುವಾಗ ತಮ್ಮ ನೀರನ್ನು ಅಲ್ಲಿಯೇ ಸುರಿಸುತ್ತವೆ. ಘಟ್ಟ ಇಳಿದು ನಮ್ಮ ಕಡೆ ಬರುವಷ್ಟರಲ್ಲಿ ಅವುಗಳಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಇದಕ್ಕೆ ಮಳೆನೆರಳಿನ ಪ್ರದೇಶ ಎಂದು ಹೆಸರು. ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ ಸುಮಾರು 600 ಮಿ.ಮೀ. ಅದರಲ್ಲಿಯೂ ಹೆಚ್ಚು ನಂಬಿಕೆಯ ಮಳೆ ಬೀಳುವುದು ಸೆಪ್ಟೆಂಬರ್ ಹೊತ್ತಿಗೆ.

600 ಮಿ.ಮೀ. ಎಂದರೆ ಕಡಿಮೆಯೇ? ಒಂದು ಲೆಕ್ಕ ಮಾಡೋಣ. ಒಂದು ಎಕರೆ ಎಂದರೆ 4,047 ಚದರ ಮೀಟರ್. ಅದರ ಮೇಲೆ 0.6 ಮೀಟರ್ ಮಳೆ ಬಿದ್ದರೆ 2,428 ಘನ ಮೀಟರ್, ಅಂದರೆ 24 ಲಕ್ಷ ಲೀಟರಿಗೂ ಹೆಚ್ಚು ನೀರು. 5,000 ಲೀಟರಿನ ಟ್ಯಾಂಕರ್‌ನಲ್ಲಿ ತರಿಸಬೇಕೆಂದರೆ ಸುಮಾರು 485 ಸಲ ತರಿಸಬೇಕಾದೀತು. ಅಷ್ಟು ನೀರು ಪ್ರತಿ ಎಕರೆಗೂ ಆಕಾಶದಿಂದ ಪುಕ್ಕಟೆ ಬರುತ್ತದೆ. ತೊಂದರೆ ಇರುವುದು ಅದು ಬರುವ ರೀತಿಯಲ್ಲಿ. ಕೆಲವೇ ದಿನಗಳಲ್ಲಿ ಜೋರಾಗಿ ಬಂದು ಹರಿದು ಹೋಗುತ್ತದೆ, ಅಥವಾ ಬೇಕಾದ ವಾರದಲ್ಲಿ ಕೈಕೊಡುತ್ತದೆ. ಹೊಲದಲ್ಲಿ ಬದು ಹಾಕುವುದು, ಚೌಕುಮಡಿ ಮಾಡುವುದು, ಕೃಷಿಹೊಂಡ ತೋಡುವುದು, ಇವೆಲ್ಲ ಹರಿಯುವ ನೀರಿಗೆ ನಿಲ್ಲಲು ಕಲಿಸುವ ಉಪಾಯಗಳು.

ಬರ ನಮ್ಮ ಭಾಗಕ್ಕೆ ಹೊಸದಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ, ಆಗ ಕಲಾದಗಿ ಜಿಲ್ಲೆ ಎನಿಸಿಕೊಂಡಿದ್ದ ಈ ಪ್ರದೇಶ ಮುಂಬಯಿ ಪ್ರಾಂತದಲ್ಲಿಯೇ ಅತಿ ಹೆಚ್ಚು ನರಳಿದ ಭಾಗಗಳಲ್ಲಿ ಒಂದಾಗಿತ್ತು. ಧಾನ್ಯ ಬೇರೆ ಕಡೆ ಇದ್ದರೂ ಅದನ್ನು ತರಲು ದಾರಿ ಇರಲಿಲ್ಲ. ಎತ್ತಿನ ಗಾಡಿಯಲ್ಲಿ ತರಬೇಕೆಂದರೆ ಎತ್ತಿಗೆ ಮೇವೂ ಇರಲಿಲ್ಲ. ಆ ಅನುಭವದ ನಂತರ ಬರ ಪೀಡಿತ ಪ್ರದೇಶಗಳಿಗೆ ರೈಲು ಹಾಕಬೇಕೆಂಬ ಯೋಚನೆ ಬಲವಾಯಿತು. ಹೋಟಗಿಯಿಂದ ವಿಜಯಪುರದ ಮೇಲೆ ಹಾದು ಗದಗಕ್ಕೆ ಹೋಗುವ ಮೀಟರ್ ಗೇಜ್ ಮಾರ್ಗ 1884ರಲ್ಲಿ ತೆರೆದುಕೊಂಡಿತು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂತು. ರೈಲು ಯಾವ ಊರಿಗೆ ಬರುತ್ತದೋ ಅಲ್ಲಿಗೆ ಕಚೇರಿ, ಬಜಾರು, ಶಾಲೆ ಬರುತ್ತವೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಇದೇ ಮಾರ್ಗ 2008ರಲ್ಲಿ ಬ್ರಾಡ್ ಗೇಜ್ ಆಯಿತು. ಈ ಮಾರ್ಗದಲ್ಲಿ "ಬಸವನ ಬಾಗೇವಾಡಿ ರೋಡ್" ಎಂಬ ನಿಲ್ದಾಣವಿದೆ. ನಿಲ್ದಾಣದ ಹೆಸರಿನಲ್ಲಿ "ರೋಡ್" ಇದ್ದರೆ ಇಳಿದ ಮೇಲೆ ಆ ಊರಿಗೆ ಇನ್ನೂ ದಾರಿ ನಡೆಯಬೇಕು ಎಂದು ಅರ್ಥ!

4. ಜೋಳ: ಒಂದು ಬೆಳೆಯ ಭೂಗೋಳ

ಮುಂಗಾರಿಯಲ್ಲಿ ಹೆಸರು, ತೊಗರಿ, ಸಜ್ಜಿ, ಶೇಂಗಾ, ಸೂರ್ಯಪಾನ. ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಗೋಧಿ, ಕುಸುಬಿ. ನಮ್ಮ ಭಾಗದ ರೈತನ ವರ್ಷವೆಂದರೆ ಸ್ಥೂಲವಾಗಿ ಇಷ್ಟೇ. ಇದರಲ್ಲಿ ರಾಜನ ಸ್ಥಾನ ಹಿಂಗಾರಿ ಜೋಳದ್ದು. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತಿದರೆ ಫೆಬ್ರವರಿ ಹೊತ್ತಿಗೆ ರಾಶಿ. ನಡುವೆ ಒಂದೂ ಮಳೆ ಬರದಿದ್ದರೂ ಎರಿ ಮಣ್ಣು ಹಿಡಿದಿಟ್ಟ ತೇವದ ಮೇಲೆ ಬೆಳೆ ತೆನೆ ಕಟ್ಟುತ್ತದೆ. ಮಾಲ್ದಂಡಿ ಎಂದು ಜನ ಕರೆಯುವ ಎಂ 35-1 ತಳಿ ಇದಕ್ಕೆ ಹೆಸರಾದದ್ದು. ಡೋಣಿ ದಂಡೆಯ ಹೊಲ ಬೆಳೆದರೆ ಓಣಿಓಣಿಗೆ ಕಾಳು ತುಂಬುತ್ತದೆ ಎಂದು ಹಿರಿಯರು ಹೇಳುವ ಮಾತು ನೀವೂ ಕೇಳಿರಬಹುದು. ಅದೇ ಡೋಣಿಯ ನೀರು ಮಾತ್ರ ಸವುಳು, ಕುಡಿಯಲು ಬಾರದು. ಒಂದೇ ನದಿಯ ದಂಡೆ ಅನ್ನ ಕೊಡುತ್ತದೆ, ನೀರು ಬಾಯಾರಿಕೆ ತೀರಿಸುವುದಿಲ್ಲ. ಎರಡಕ್ಕೂ ಕಾರಣ ಆ ಮಣ್ಣಿನಲ್ಲಿಯೇ ಇದೆ.

ಜೋಳದಿಂದ ನಮ್ಮ ಬದುಕಿನ ಎಷ್ಟು ಸಂಗತಿಗಳು ಹುಟ್ಟಿವೆ ನೋಡಿರಿ. ಕಾಳಿನಿಂದ ರೊಟ್ಟಿ. ದಂಟಿನಿಂದ ಕಣಿಕಿ, ಅಂದರೆ ದನದ ಮೇವು. ಮೇವಿನಿಂದ ಎಮ್ಮೆ, ಎಮ್ಮೆಯಿಂದ ಹಾಲು, ಹಾಲಿನಿಂದ ಕೊಲ್ಹಾರದ ಮೊಸರು. ಕೊಲ್ಹಾರದ ಮೊಸರನ್ನು ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕುತ್ತಾರೆ. ಸುಟ್ಟ ಮಣ್ಣಿನಲ್ಲಿರುವ ಸಣ್ಣ ರಂಧ್ರಗಳು ಹಾಲಿನ ನೀರಿನಂಶವನ್ನು ಹೀರಿ ಹೊರಗೆ ಬಿಡುತ್ತವೆ. ಆ ನೀರು ಆವಿಯಾಗುವಾಗ ಗಡಿಗೆ ತಂಪಾಗುತ್ತದೆ. ಹಾಗಾಗಿ ಮೊಸರು ಗಟ್ಟಿಯಾಗಿ, ಹುಳಿ ಏರದೆ ನಿಲ್ಲುತ್ತದೆ. ಕುಂಬಾರನ ಚಕ್ರ, ರೈತನ ಕಣಿಕಿ, ಮನೆಯ ಹೆಣ್ಣುಮಕ್ಕಳ ದುಡಿಮೆ ಮೂರೂ ಸೇರಿದ ಕೈಗಾರಿಕೆ ಅದು. ಇಂಡಿಯ ಲಿಂಬೆಗೆ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ. ಒಂದು ಪದಾರ್ಥಕ್ಕೆ ಅದರ ನೆಲದ ಹೆಸರು ಅಂಟಿಕೊಳ್ಳುವುದೆಂದರೆ ಏನೆಂದು ಈ ಎರಡು ಉದಾಹರಣೆಗಳಿಂದ ತಿಳಿಯಬಹುದು.

5. ಕೃಷ್ಣೆ: ಮುಳುಗಿದ್ದು ಮತ್ತು ಏರಿದ್ದು

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. ಅಂದಿನಿಂದ ನಮ್ಮ ಭಾಗದ ಭೂಗೋಳವೇ ಬದಲಾಗತೊಡಗಿತು. ಇಂದು ಜಲಾಶಯಕ್ಕೆ ಅವರದೇ ಹೆಸರಿದೆ. 519.6 ಮೀಟರ್ ಮಟ್ಟಕ್ಕೆ ತುಂಬಿದಾಗ ಅದರಲ್ಲಿ ಸುಮಾರು 123 ಟಿಎಂಸಿ ನೀರು ನಿಲ್ಲುತ್ತದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ನಮ್ಮ ಲೆಕ್ಕದಲ್ಲಿ 2.83 ಕೋಟಿ ಘನ ಮೀಟರ್. ಅಣೆಕಟ್ಟಿನ ಬುಡದ ವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವಾಟ್.

ನೀರು ನಿಂತ ಕಡೆ ಊರುಗಳಿದ್ದವು. ಹಳೆಯ ಬಾಗಲಕೋಟೆಯ ಒಂದು ಭಾಗ, ಹಳೆಯ ಕೊಲ್ಹಾರ ಹಾಗೂ ದಂಡೆಯ ಅನೇಕ ಹಳ್ಳಿಗಳು ಮುಳುಗಡೆಯಾದವು. ಜನ ಎತ್ತರದ ಪುನರ್ವಸತಿ ಕೇಂದ್ರಗಳಿಗೆ ಬಂದರು. ಮುಳುಗಡೆ ಎಂಬ ಒಂದೇ ಪದದಲ್ಲಿ ಹೊಲ, ಬಾವಿ, ಗುಡಿ, ಮಸೂತಿ, ಖಬರಸ್ತಾನ, ಸಂತೆ ಕಟ್ಟೆ ಎಲ್ಲವೂ ಇವೆ. ಪರಿಹಾರದ ಹಣವನ್ನು ಎಣಿಸಬಹುದು. ಆದರೆ ನದಿ ದಂಡೆಯ ಮೆಕ್ಕಲು ಮಣ್ಣಿನ ಹೊಲವನ್ನು, ಪಕ್ಕದ ಮನೆಯಲ್ಲಿ ಮೂರು ತಲೆಮಾರು ಇದ್ದ ನೆರೆಯವರನ್ನು ಹೊಸ ಬಡಾವಣೆಯ ನಕ್ಷೆಯಲ್ಲಿ ಬರೆಯಲಾಗದು.

ಈ ವಿಷಯ ಮುಗಿದ ಇತಿಹಾಸವಲ್ಲ. ಕೃಷ್ಣಾ ಜಲ ವಿವಾದದ ಎರಡನೆಯ ನ್ಯಾಯಮಂಡಳಿ 2010ರ ಡಿಸೆಂಬರ್‌ನಲ್ಲಿ ಕೊಟ್ಟ ತೀರ್ಪಿನಲ್ಲಿ ಜಲಾಶಯದ ಮಟ್ಟವನ್ನು 524.256 ಮೀಟರಿಗೆ ಏರಿಸಲು ಅವಕಾಶ ನೀಡಿದೆ. ವ್ಯತ್ಯಾಸ 4.656 ಮೀಟರ್ ಮಾತ್ರ, ಒಂದೂವರೆ ಅಂತಸ್ತಿನ ಮನೆಯಷ್ಟು. ಆದರೆ ನೂರು ಮೀಟರಿಗೆ ಒಂದು ಮೀಟರ್ ಏರುವ ಇಳಿಜಾರಿನ ಹೊಲದಲ್ಲಿ ನೀರು 4.656 ಮೀಟರ್ ಏರಿದರೆ ದಂಡೆ 465 ಮೀಟರ್ ಒಳಗೆ ಸರಿಯುತ್ತದೆ. ನೆಲ ಇನ್ನೂ ಸಮತಟ್ಟಾಗಿದ್ದರೆ ಇನ್ನೂ ದೂರ. ಅಣೆಕಟ್ಟಿನ ಎತ್ತರದ ಸುದ್ದಿ ಬಂದಾಗಲೆಲ್ಲ ದಂಡೆಯ ಊರುಗಳಲ್ಲಿ ನಿದ್ದೆ ಯಾಕೆ ಕೆಡುತ್ತದೆ ಎಂಬುದು ಈ ಸಣ್ಣ ಗಣಿತದಿಂದ ಅರ್ಥವಾಗುತ್ತದೆ.

ಇನ್ನೊಂದು ಮುಖವನ್ನೂ ನೋಡಬೇಕು. ನದಿ ಕೆಳಗೆ, ನಮ್ಮ ಹೊಲಗಳು ಮೇಲೆ. ಹಾಗಾಗಿ ಕಾಲುವೆಯಲ್ಲಿ ನೀರು ತಾನಾಗಿ ಹರಿದು ಬರಲಾರದು, ಎತ್ತಬೇಕು. ಮುಳವಾಡ ಏತ ನೀರಾವರಿ ಯೋಜನೆ ಮಾಡುವುದು ಇದನ್ನೇ. ಬಳೂತಿಯ ಹತ್ತಿರ ಆಲಮಟ್ಟಿ ಹಿನ್ನೀರನ್ನು ಎತ್ತಿ ಹಂತಹಂತವಾಗಿ ಮೇಲಕ್ಕೆ ತಂದು ಕಾಲುವೆಗೆ, ಕೆರೆಗಳಿಗೆ ಬಿಡುತ್ತಾರೆ. ಈ ಯೋಜನೆಯ ಎತ್ತುವ ಕೇಂದ್ರಗಳ ಹೆಸರಿನಲ್ಲಿ ನಮ್ಮ ಮಸೂತಿಯೂ ಸೇರಿದೆ. ಬತ್ತಿ ಹೋಗಿದ್ದ ಕೆರೆಗಳು ತುಂಬಿದ ಮೇಲೆ ಸುತ್ತಲಿನ ಬಾವಿ, ಬೋರ್‌ವೆಲ್‌ಗಳಲ್ಲಿ ನೀರು ಏರಿದ್ದನ್ನು ಅನೇಕ ಊರಿನವರು ಕಂಡಿದ್ದಾರೆ.

ಈಗ ಎರಡನೆಯ ವಿಭಾಗದಲ್ಲಿ ನೆನಪಿಡಲು ಹೇಳಿದ ಮಾತಿಗೆ ಬರೋಣ. ಎರಿ ಮಣ್ಣು ಹೆಚ್ಚಾದ ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ. ಕಾಲುವೆ ನೀರು ಬಂತೆಂದು ಹೊಲ ತುಂಬ ನಿಲ್ಲಿಸಿದರೆ ಅಡಿಯ ಉಪ್ಪಿನಂಶ ನೀರಿನೊಂದಿಗೆ ಮೇಲೆ ಬರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ಇದೇ ಸವುಳು-ಜವುಳು. ಒಂದು ಸಲ ಹೊಲ ಹೀಗಾದರೆ ಸರಿಪಡಿಸಲು ಬಸಿಗಾಲುವೆ, ಜಿಪ್ಸಂ, ಹಲವು ವರ್ಷಗಳ ತಾಳ್ಮೆ ಬೇಕು. ನೀರಿಗಾಗಿ ತಲೆಮಾರುಗಟ್ಟಲೆ ಕಾದ ನೆಲ ನೀರಿನಿಂದಲೇ ಹಾಳಾಗಬಾರದು. ಹನಿ ನೀರಾವರಿ, ತುಂತುರು ನೀರಾವರಿ, ಬೆಳೆಯ ಸರದಿ ಇವು ಪರೀಕ್ಷೆಗೆ ಬರೆಯುವ ಉತ್ತರಗಳಷ್ಟೇ ಅಲ್ಲ. ಮನೆಯ ಹಿರಿಯರಿಗೆ ಇದನ್ನು ತಿಳಿಸಿ ಹೇಳಬಲ್ಲವರು ನೀವೇ.

6. ಕೂಡಗಿಯ ಹೊಗೆಗೊಳವೆ

ಮಸೂತಿಯ ನೆರೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. 800 ಮೆಗಾವಾಟಿನ ಮೂರು ಘಟಕ, ಒಟ್ಟು 2,400 ಮೆಗಾವಾಟ್. ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ಗಂಟೆಗೆ 24 ಲಕ್ಷ ಯೂನಿಟ್. ಕಲ್ಲಿದ್ದಲು ರೈಲಿನಲ್ಲಿ ದೂರದಿಂದ ಬರುತ್ತದೆ, ನೀರು ಆಲಮಟ್ಟಿ ಹಿನ್ನೀರಿನಿಂದ. ಕೈಗಾರಿಕೆಯ ಸ್ಥಾನ ನಿರ್ಧಾರಕ್ಕೆ ಬೇಕಾದ ಅಂಶಗಳು ಎಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ: ರೈಲು ಮಾರ್ಗ, ನೀರು, ವಿಸ್ತಾರವಾದ ಜಮೀನು.

ಆ ಜಮೀನು ಸುತ್ತಲಿನ ಹಳ್ಳಿಗಳ ರೈತರದಾಗಿತ್ತು. ಸ್ಥಾವರ ಬರುವಾಗ ಜಮೀನು, ಬೂದಿ, ನೀರು, ಉದ್ಯೋಗದ ವಿಷಯಗಳಲ್ಲಿ ರೈತರು ಹೋರಾಟ ಮಾಡಿದರು. 2014ರ ಜುಲೈಯಲ್ಲಿ ಹೋರಾಟ ಗೋಲಿಬಾರ್‌ವರೆಗೂ ಹೋಯಿತು. ಇದನ್ನು ಓದುವಾಗ ಯಾರು ಸರಿ, ಯಾರು ತಪ್ಪು ಎಂದು ಥಟ್ಟನೆ ಹೇಳುವ ಮೊದಲು ಒಂದು ಲೆಕ್ಕ ಮಾಡಿರಿ. ಒಂದು ಘನ ಮೀಟರ್ ನೀರನ್ನು 100 ಮೀಟರ್ ಎತ್ತಲು ಕನಿಷ್ಠ 0.27 ಯೂನಿಟ್ ವಿದ್ಯುತ್ ಬೇಕು. ಒಂದು ಎಕರೆಗೆ ಒಂದು ಸಲ 5 ಸೆಂ.ಮೀ. ನೀರು ಕೊಡಲು ಸುಮಾರು 202 ಘನ ಮೀಟರ್ ಬೇಕು, ಅಂದರೆ 55 ಯೂನಿಟ್. ಪಂಪಿನಲ್ಲಾಗುವ ನಷ್ಟ ಹಿಡಿದು ನೂರಕ್ಕೆ 70ರಷ್ಟು ದಕ್ಷತೆ ಎಂದುಕೊಂಡರೆ ಸುಮಾರು 79 ಯೂನಿಟ್. ಏತ ನೀರಾವರಿಯ ನೀರು ವಿದ್ಯುತ್ ಇಲ್ಲದೆ ಹೊಲಕ್ಕೆ ಏರುವುದಿಲ್ಲ. ವಿದ್ಯುತ್ತು ನೀರಿಲ್ಲದೆ ಹುಟ್ಟುವುದಿಲ್ಲ. ಎರಡೂ ಜಮೀನಿಲ್ಲದೆ ಆಗುವುದಿಲ್ಲ. ಅಭಿವೃದ್ಧಿ ಎಂಬ ಪದದ ಒಳಗಿರುವ ಗಂಟು ಇದು. ಲಾಭ ಯಾರಿಗೆ ಎಷ್ಟು, ಹೊರೆ ಯಾರ ಮೇಲೆ ಎಷ್ಟು ಎಂದು ಕೇಳುವುದನ್ನು ಕಲಿತವನೇ ನಿಜವಾದ ಭೂಗೋಳ ವಿದ್ಯಾರ್ಥಿ.

7. ಊರೊಳಗೆ: ಓಣಿ, ಆಯ, ಅಡ್ಡಹೆಸರು

ನಮ್ಮ ಹಳೆಯ ಊರುಗಳ ರಚನೆ ನೋಡಿದರೆ ಹವಾಮಾನ ಗೊತ್ತಾಗುತ್ತದೆ. ದಪ್ಪ ಕಲ್ಲು-ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಬೆಳಕಿಗೆ ಸಣ್ಣ ಬೆಳಕಿಂಡಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಇದು ತಕ್ಕ ಉತ್ತರ. ಮಳೆ ಕಡಿಮೆ ಇದ್ದುದರಿಂದ ಇಳಿಜಾರು ಹಂಚಿನ ಮಾಡು ಬೇಕಾಗಲಿಲ್ಲ. ಬರಗಾಲದ ಭಯಕ್ಕೆ ನೆಲದೊಳಗೆ ಹಗೇವು ತೋಡಿ ಜೋಳ ತುಂಬಿ ಇಡುತ್ತಿದ್ದರು. ಊರ ಅಗಸಿ, ಕಟ್ಟೆ, ಬಾವಿ, ಗುಡಿ, ಮಸೂತಿ, ಇವುಗಳ ಸುತ್ತ ಓಣಿಗಳು.

ಓಣಿಗಳಲ್ಲಿ ಕಸುಬುಗಳಿದ್ದವು. ಬಡಿಗ, ಕಂಬಾರ, ಕುಂಬಾರ, ಅಗಸ, ಹಡಪದ ಮೊದಲಾದವರು ವರ್ಷವಿಡೀ ರೈತರ ಕೆಲಸ ಮಾಡಿ ಸುಗ್ಗಿಯಲ್ಲಿ ಕಣಕ್ಕೆ ಬಂದು ಕಾಳಿನ ಪಾಲು ಪಡೆಯುತ್ತಿದ್ದರು. ಇದಕ್ಕೆ ಆಯ ಎಂದು ಹೆಸರು. ಊರ ಮುಲ್ಲಾನಿಗೂ ಆಯದಲ್ಲಿ ಪಾಲಿತ್ತು. ಈ ಪದ್ಧತಿಯಲ್ಲಿ ಪರಸ್ಪರ ಆಸರೆಯೂ ಇತ್ತು, ಮೇಲು-ಕೀಳಿನ ಕಟ್ಟೂ ಇತ್ತು. ಎರಡನ್ನೂ ಮರೆಯಬಾರದು.

ನಮ್ಮ ತರಗತಿಯ ಹಾಜರಿ ಪುಸ್ತಕವೇ ಒಂದು ಆರ್ಥಿಕ ಭೂಗೋಳದ ಪುಸ್ತಕ. ನದಾಫ ಮತ್ತು ಪಿಂಜಾರ ಎಂದರೆ ಅರಳೆ ಹಿಂಜಿ ಗಾದಿ ಮಾಡುವವರು. ಹತ್ತಿ ಬೆಳೆಯುವ ಎರಿ ನಾಡಿನಲ್ಲಿ ಅವರಿಲ್ಲದೆ ಆಗುತ್ತಿರಲಿಲ್ಲ. ಬಾಗವಾನ ಎಂದರೆ ತೋಟ, ಹಣ್ಣು-ತರಕಾರಿಯವರು. ಅತ್ತಾರ ಸುಗಂಧದವರು, ಮಣಿಯಾರ ಬಳೆ-ಮಣಿಯವರು, ತಾಂಬೋಳಿ ಎಲೆ-ಅಡಿಕೆಯವರು, ನಾಲಬಂದ ಎತ್ತು-ಕುದುರೆಗಳಿಗೆ ನಾಲು ಬಡಿಯುವವರು, ಚಪ್ಪರಬಂದ ಚಪ್ಪರ ಹೊದಿಸುವವರು, ಮುಜಾವರ ದರ್ಗಾದ ಸೇವೆಯವರು. ಅದೇ ಪುಟದಲ್ಲಿ ಪತ್ತಾರ, ಬಡಿಗೇರ, ಗಾಣಿಗೇರ, ಹೂಗಾರರೂ ಇದ್ದಾರೆ. ಅತ್ತಾರ-ಪತ್ತಾರ ಒಂದೇ ಬೆಂಚಿನಲ್ಲಿ ಕೂತಿದ್ದರೆ ಅದು ಅವರ ಹಿರಿಯರು ಒಂದೇ ಸಂತೆಯಲ್ಲಿ ಅಂಗಡಿ ಹಾಕಿದ್ದರ ಮುಂದುವರಿಕೆ. ಇಂದು ಈ ಮನೆತನಗಳ ಮಕ್ಕಳು ಶಿಕ್ಷಕರು, ನರ್ಸ್‌ಗಳು, ಎಂಜಿನಿಯರುಗಳು ಆಗುತ್ತಿದ್ದಾರೆ. ಹೆಸರು ಉಳಿದಿದೆ, ಕಸುಬು ಬದಲಾಗಿದೆ. ಮಳೆ ಕೈಕೊಟ್ಟ ವರ್ಷ ಗೋವಾ, ಪುಣೆ, ಬೆಂಗಳೂರಿನ ಕಡೆ ಗುಳೆ ಹೋಗುವ ಕುಟುಂಬಗಳೂ ಇವೆ ಎಂಬುದನ್ನು ಇದೇ ಸಾಲಿನಲ್ಲಿ ಬರೆಯಬೇಕು.

8. ಹಬ್ಬ ಮತ್ತು ಮಾತು

ಕಾರಹುಣ್ಣಿಮೆಗೆ ಎತ್ತುಗಳ ಮೆರವಣಿಗೆ, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಕೂತು ಊಟ. ಇವು ಕೃಷಿಯ ಹಬ್ಬಗಳು. ಎಳ್ಳ ಅಮಾವಾಸ್ಯೆಯ ದಿನ ಹೊಲದ ಊಟಕ್ಕೆ ಗೆಳೆಯರ ಮನೆಯಿಂದ ಕರೆ ಬಾರದ ಮುಸ್ಲಿಂ ಹುಡುಗರು ನಮ್ಮ ಹಳ್ಳಿಗಳಲ್ಲಿ ಕಡಿಮೆ. ಮೊಹರಂನಲ್ಲಿ ಅಲಾಯಿ ಕುಣಿ, ಪಂಜಾ, ಹೆಜ್ಜೆ ಕುಣಿತ, ಕನ್ನಡದಲ್ಲಿಯೇ ಹಾಡುವ ರಿವಾಯತ್ ಪದಗಳು. ಮುಸ್ಲಿಂ ಮನೆಗಳೇ ಇಲ್ಲದ ಹಳ್ಳಿಗಳಲ್ಲಿಯೂ ಮೊಹರಂ ನಡೆಯುವುದುಂಟು. 12ನೆಯ ಶತಮಾನದಲ್ಲಿ ಬಸವಣ್ಣನವರು ಹುಟ್ಟಿದ ಬಾಗೇವಾಡಿಯೂ ಇದೇ ನೆಲ, ಸೂಫಿ ಸಂತರ ದರ್ಗಾಗಳಿರುವ ವಿಜಯಪುರವೂ ಇದೇ ನೆಲ. ಆದಿಲಶಾಹಿ ಕಾಲದ ಸೂಫಿ ಕವಿಗಳು ಹೆಣ್ಣುಮಕ್ಕಳು ಬೀಸುವಾಗ ಹಾಡಲೆಂದು ದಖನಿ ಭಾಷೆಯಲ್ಲಿ ಚಕ್ಕಿನಾಮಾಗಳನ್ನು ರಚಿಸಿದರು. ಕನ್ನಡದ ಮನೆಗಳಲ್ಲಿ ಅದೇ ಹೊತ್ತಿಗೆ ಬೀಸುವ ಪದಗಳು ಕೇಳುತ್ತಿದ್ದವು. ಭಾಷೆ ಎರಡು, ಬೀಸುಕಲ್ಲು ಒಂದೇ, ಅದರೊಳಗಿನ ಜೋಳವೂ ಒಂದೇ.

ಮಾತಿನಲ್ಲಿಯೂ ಭೂಗೋಳವಿದೆ. ಖರೀಫ್, ರಬಿ ಎರಡೂ ಅರಬಿ ಪದಗಳು. ಖರೀಫ್ ಎಂದರೆ ಶರತ್ಕಾಲ, ರಬಿ ಎಂದರೆ ವಸಂತ. ಬೆಳೆ ಕೈಗೆ ಬರುವ ಕಾಲದ ಮೇಲೆ ಬಂದ ಹೆಸರುಗಳು. ಮಾನ್ಸೂನ್ ಪದದ ಮೂಲ ಅರಬಿಯ ಮೌಸಿಮ್. ಹಂಗಾಮು, ಜಮೀನು ಫಾರಸಿಯವು. ಫಸಲು, ತಾಲ್ಲೂಕು, ಜಿಲ್ಲೆ, ನಕ್ಷೆ ಅರಬಿಯಿಂದ ಬಂದವು. ಹಿಂಗಾರಿ ಹಂಗಾಮಿನ ಫಸಲು ಎನ್ನುವಾಗ ನಮ್ಮ ರೈತ ಒಂದೇ ಉಸಿರಿನಲ್ಲಿ ಮೂರು ಭಾಷೆಯನ್ನು ಆಡಿರುತ್ತಾನೆ, ಅದೂ ಶುದ್ಧ ಕನ್ನಡದಲ್ಲಿ!

9. ನಮ್ಮ ನೆಲದ ಎರಡು ಮಾದರಿಗಳು

ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ ಶಾಸನವಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಒಂದು ವಿದ್ಯಾಶಾಲೆ ಕಟ್ಟಿಸಿದ. ದೂರದೂರದ ವಿದ್ಯಾರ್ಥಿಗಳು ಅಲ್ಲಿ ಬಂದು ಓದುತ್ತಿದ್ದರು. ಅವರ ವಾಸಕ್ಕೆ 27 ಮನೆಗಳಿದ್ದವು, ಖರ್ಚಿಗೆ 500 ನಿವರ್ತನ ಭೂಮಿ, ದೀಪಕ್ಕೆಂದೇ 12 ನಿವರ್ತನ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ಊರಿನವರು ಮದುವೆಯಾದಾಗ ಐದು ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರರ್ಧ ಶಾಲೆಗೆ ಕೊಡುತ್ತಿದ್ದರು. ಆ ವಿದ್ಯೆ ಅಂದು ಎಲ್ಲರಿಗೂ ತೆರೆದಿರಲಿಲ್ಲ, ನಿಜ. ಆದರೆ ಒಂದು ಹಳ್ಳಿ ತನ್ನ ಸಂತೋಷದ ದಿನದಂದು ಶಾಲೆಯನ್ನು ನೆನೆಯುತ್ತಿತ್ತು ಎಂಬ ಮಾತು ದೊಡ್ಡದು. ಜನರ ದೇಣಿಗೆಯಿಂದ ನಡೆಯುವ ನಮ್ಮಂಥ ವಿದ್ಯಾಸಂಸ್ಥೆಗಳಿಗೆ ಇದು ಸಾವಿರ ವರ್ಷ ಹಿಂದಿನ ನೆರೆಮನೆ.

ಎರಡನೆಯದು ಇಂಡಿಯ ಕಡೆಯ ಹಲಸಂಗಿ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಎಂಬ ಹಳ್ಳಿಯ ಗೆಳೆಯರು ಸೇರಿ ಜನಪದ ಹಾಡುಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ಹೊರಬಂದ ಅವರ ಬಳಗದ "ಗರತಿಯ ಹಾಡು" ಕನ್ನಡ ಜಾನಪದ ಸಂಗ್ರಹದ ಹೆಗ್ಗುರುತು. ಅವರ ಕೈಯಲ್ಲಿ ಧ್ವನಿಮುದ್ರಣ ಯಂತ್ರವಿರಲಿಲ್ಲ, ಕಾಗದ ಮತ್ತು ಪೆನ್ಸಿಲ್ ಇತ್ತು. ತಾಯಂದಿರು ದಿನವೂ ಹಾಡುವ ಹಾಡು ಬರೆದಿಡಲು ತಕ್ಕದ್ದು ಎಂದು ಅವರಿಗೆ ಅನಿಸಿತು, ಬರೆದಿಟ್ಟರು. ಅಂದು ಅವರು ಬರೆಯದಿದ್ದರೆ ಇಂದು ನಮಗೆ ಅವು ಸಿಗುತ್ತಿರಲಿಲ್ಲ.

10. ನೀವು ಮಾಡಬೇಕಾದ ಕೆಲಸ

ಹಳೆಯ ಕೊಲ್ಹಾರದ ಓಣಿಗಳನ್ನು ಕಣ್ಣಾರೆ ಕಂಡವರು, ಮುಳುಗಿದ ಹೊಲಗಳ ಹೆಸರು ಹೇಳಬಲ್ಲವರು ಈಗ ಅಜ್ಜ-ಅಜ್ಜಿಯರು. ನೀರು ಇಳಿದಾಗ ಕಲ್ಲು ಕಾಣಬಹುದು, ಆದರೆ ಅದು ಯಾರ ಮನೆಯ ಹೊಸ್ತಿಲು ಎಂದು ಕಲ್ಲು ಹೇಳುವುದಿಲ್ಲ. ಹೇಳಬಲ್ಲ ಬಾಯಿಗಳು ವರ್ಷವರ್ಷಕ್ಕೆ ಕಡಿಮೆಯಾಗುತ್ತಿವೆ. ಆದ್ದರಿಂದ ಈ ಸಲದ ರಜೆಯಲ್ಲಿ ಕೆಳಗಿನ ಕೆಲಸಗಳಲ್ಲಿ ಒಂದನ್ನಾದರೂ ಮಾಡಿ ತನ್ನಿರಿ.

1. ನಿಮ್ಮ ಊರಿನ ಕೈನಕ್ಷೆ ಬರೆಯಿರಿ. ಓಣಿ, ಬಾವಿ, ಕೆರೆ, ಗುಡಿ, ಮಸೂತಿ, ದರ್ಗಾ, ಶಾಲೆ, ಸಂತೆ ಬಯಲು ಗುರುತಿಸಿರಿ. ಈಗ ಇಲ್ಲದ, ಹಿಂದೆ ಇದ್ದ ಸ್ಥಳಗಳನ್ನು ಬೇರೆ ಬಣ್ಣದಲ್ಲಿ ತೋರಿಸಿರಿ.

2. ನಿಮ್ಮ ಹೊಲದ ಉತಾರ ನೋಡಿರಿ. ಅದರಲ್ಲಿ ಸರ್ವೇ ನಂಬರ್ ಇರುತ್ತದೆ. ಅದೇ ಹೊಲವನ್ನು ಮನೆಯವರು ಯಾವ ಹೆಸರಿನಿಂದ ಕರೆಯುತ್ತಾರೆ? ಎರಡನ್ನೂ ಬರೆದುಕೊಳ್ಳಿರಿ. ನಂಬರ್ ಸರಕಾರದ ಕಡತದಲ್ಲಿ ಉಳಿಯುತ್ತದೆ, ಹೆಸರು ನೀವು ಬರೆದರೆ ಮಾತ್ರ ಉಳಿಯುತ್ತದೆ.

3. ಅರವತ್ತು ದಾಟಿದ ಒಬ್ಬರನ್ನು ಕೂಡಿಸಿಕೊಂಡು ಮಾತಾಡಿಸಿರಿ. ಕುಡಿಯುವ ನೀರು ಎಲ್ಲಿಂದ ತರುತ್ತಿದ್ದರು, ಬರದ ವರ್ಷ ಏನು ತಿಂದರು, ಸಂತೆಗೆ ಹೇಗೆ ಹೋಗುತ್ತಿದ್ದರು ಎಂದು ಕೇಳಿರಿ. ಮೊದಲು ಅವರ ಒಪ್ಪಿಗೆ ಪಡೆಯಿರಿ. ಅವರು ಹೇಳಿದಂತೆಯೇ, ಅವರ ಮಾತಿನಲ್ಲಿಯೇ ಬರೆಯಿರಿ. ತಿದ್ದಬೇಡಿರಿ.

4. ಕಾಲುವೆ ನೀರು ಬಂದ ಹೊಲ ಒಂದು, ಬಾರದ ಹೊಲ ಒಂದು ಆರಿಸಿ ಬೆಳೆ, ಖರ್ಚು, ಮಣ್ಣಿನ ಸ್ಥಿತಿ ಹೋಲಿಸಿರಿ. ಮಣ್ಣಿನ ಮೇಲೆ ಬಿಳಿ ಪುಡಿ ಕಂಡರೆ ಕೂಡಲೇ ಮನೆಯವರಿಗೆ ತಿಳಿಸಿರಿ, ಮಣ್ಣು ಪರೀಕ್ಷೆ ಮಾಡಿಸಲು ಹೇಳಿರಿ.

5. ನಿಮ್ಮ ಮನೆತನದ ಅಡ್ಡಹೆಸರಿನ ಅರ್ಥ, ಹಿರಿಯರ ಕಸುಬು, ಅದು ನಿಂತದ್ದು ಯಾವಾಗ, ಯಾಕೆ ಎಂದು ಒಂದು ಪುಟ ಬರೆಯಿರಿ.

ಕನ್ನಡ, ಉರ್ದು ಯಾವ ಭಾಷೆಯಲ್ಲಿ ಬರೆದರೂ ಸರಿ. ಬಂದ ಬರಹಗಳನ್ನು ಭೂಗೋಳ ವಿಭಾಗದಲ್ಲಿ ಊರುವಾರು ಜೋಡಿಸಿ ಇಡಲಾಗುವುದು. ಮುಂದೆ ಓದಲು ಬರುವ ನಿಮ್ಮ ತಮ್ಮ-ತಂಗಿಯರು ಮಸೂತಿ, ಕೂಡಗಿ, ಕೊಲ್ಹಾರ, ಇಂಡಿ ಎಂದು ಹುಡುಕಿದಾಗ ಅವರಿಗೆ ಸಿಗುವ ಮೊದಲ ಪುಟ ನಿಮ್ಮ ಕೈಬರಹದ್ದಾಗಲಿ.